ದೊಡ್ಡ ಮೀನು ಮಗಳಿಗೆ

ಮಾರ್ಚ್ ೧೪, ಗುರುವಾರ

ಅಪ್ಪ ಇವತ್ತಿಡೀ ನನ್ನ ಮುಖ ನೋಡಲಿಲ್ಲ.

ಕೆರೆಯ ನೀರು ಪರೀಕ್ಷೆ ಮಾಡುವ ಹುಡುಗಿ ಬೆಳಿಗ್ಗೆ ದಡಕ್ಕೆ ಬಂದಿದ್ದಳು. ಕಾರ್ಖಾನೆಯ ವಿಷ ಮೀನಿನ ಮೈಗೆ ಸೇರಿದೆಯಂತೆ, ಬಸುರಿಯರು ಮುಟ್ಟಲೇಬಾರದಂತೆ.

"ಚೆನ್ನಾಗಿ ಬೇಯಿಸಿದ್ರೆ ಹೋಗಲ್ವೇನಮ್ಮಾ?" ಎಂದು ಅಪ್ಪ ಕೇಳಿದ.

"ಇಲ್ಲ ಯಜಮಾನ್ರೇ. ಮೀನು ದೊಡ್ಡದಾದಷ್ಟೂ ವಿಷ ಜಾಸ್ತಿ."

ಅಪ್ಪ ನನಗೆಂದು ಎತ್ತಿಟ್ಟಿದ್ದ ದೊಡ್ಡ ಮೀನು ಬುಟ್ಟಿಯಲ್ಲಿ ಒದ್ದೆ ಗೋಣಿಯಡಿ ಇನ್ನೂ ಬಾಲ ಬಡಿಯುತ್ತಿತ್ತು.

ಬೇರೆ ಬೆಸ್ತರು ದೊಡ್ಡದನ್ನು ಮಾರಿ ಪುಡಿಮೀನು ಮನೆಗೆ ಒಯ್ಯುತ್ತಾರೆ. ನಾನು ಬಸುರಿಯಾದಾಗಿನಿಂದ ಅಪ್ಪನದು ಉಲ್ಟಾ. "ಮಗಳ ಹುಚ್ಚಿಗೆ ವ್ಯಾಪಾರ ಹಾಳು ಮಾಡ್ಕೊಂಡ" ಎಂದು ಎಲ್ಲರೂ ನಗುತ್ತಿದ್ದರು. ಅವನಿಗೆ ಲೆಕ್ಕವೇ ಇಲ್ಲ. ಕೊಬ್ಬಿದ ಹೊಟ್ಟೆಯ ತುಂಡನ್ನೇ ಆರಿಸಿ ನನ್ನ ತಟ್ಟೆಗೆ ಹಾಕಿ, "ಎರಡು ಜೀವ ಕಣೇ, ತಿನ್ನು" ಎನ್ನುತ್ತಿದ್ದ.

ಹಾಳಾಗಿ ಹೋಗಲಿ ಆ ಕಾರ್ಖಾನೆ.

ಮನೆಗೆ ಬರುವ ದಾರಿಯಲ್ಲಿ, "ನಿನಗೇನು ಗೊತ್ತಿತ್ತಪ್ಪಾ" ಎಂದೆ. ಕೇಳಿಸದವನಂತೆ ಮುಂದೆ ನಡೆದ.

ರಾತ್ರಿ ಬರೀ ಅನ್ನ, ಸೊಪ್ಪು. ಅವನೇ ಬಡಿಸಿ ಪಕ್ಕದಲ್ಲಿ ಕೂತ. ಒಳಗೆ ಮಗು ಒದೆಯಿತು. ಯಾವಾಗಲೂ ಕೂಗಿ ಹೇಳುತ್ತಿದ್ದೆ, ಇವತ್ತು ಹೇಳಲು ಬಾಯಿ ಬರಲಿಲ್ಲ. ಒಂದು ಸಲ "ತಿನ್ನು" ಅನ್ನಲಿ ಎಂದು ತುತ್ತು ಕೈಯಲ್ಲೇ ಹಿಡಿದುಕೊಂಡು ಕಾದೆ. ಅನ್ನಲೇ ಇಲ್ಲ. ತುತ್ತು ಆರಿ ತಣ್ಣಗಾಗಿ ಹೋಯಿತು.