ಗುಳ್ಳೆ ಒಡೆಯುವ ಯಂತ್ರಕ್ಕೆ ಬಿದ್ದ ಮುದ್ರೆ

ಜಿಲ್ಲೆಯ ಸ್ಕ್ಯಾನಿಂಗ್ ಯಂತ್ರಗಳಿಗೆ ಪರವಾನಗಿ ಕೊಡುವ, ಮುದ್ರೆ ಒತ್ತುವ ಮಾನ್ಯ ಅಧಿಕಾರಿಗಳೇ,

ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ತಾವು ಜಪ್ತಿ ಮಾಡಿದ್ದ ಯಂತ್ರವನ್ನು ಐವತ್ತಮೂರನೆಯ ದಿನ ಬಿಡುಗಡೆ ಮಾಡಿದ್ದೀರಿ. ಸಂತೋಷ. ಅದರ ದಾರಿ ಕಾಯುತ್ತಿದ್ದ ನನ್ನ ಗಂಡ ಮುಕುಂದ ನಲವತ್ತನೆಯ ದಿನವೇ ತೀರಿಕೊಂಡರು. ಆದೇಶದ ಪ್ರತಿ ಅವರ ಹೆಸರಿಗೇ ಬಂತು. ಸಹಿ ಮಾಡಿ ನಾನು ತೆಗೆದುಕೊಂಡೆ.

ಅವರು ಕಮಲಾಪುರದಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದ ಮೇಷ್ಟ್ರು. ಯಕೃತ್ತಿನಲ್ಲಿ ಗಡ್ಡೆಯಾಗಿತ್ತು. ಮಾಮೂಲಿ ಕೀಮೋ ಅವರ ಮೈಗೆ ತಡೆಯಲಿಲ್ಲ. ಆಗ ಡಾಕ್ಟರ್ ಮದಿಹಾ ತಮ್ಮಲ್ಲಿ ನಡೆಯುತ್ತಿದ್ದ ಹೊಸ ಪ್ರಯೋಗಕ್ಕೆ ಇವರನ್ನು ಸೇರಿಸಿಕೊಂಡರು. ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಲ್ಲಿ ಔಷಧ ತುಂಬಿ ರಕ್ತಕ್ಕೆ ಬಿಡುತ್ತಾರೆ. ಗಡ್ಡೆ ಇರುವ ಜಾಗಕ್ಕೆ ಹೊರಗಿನಿಂದ ಅಲ್ಟ್ರಾಸೌಂಡ್ ಹಾಯಿಸಿದರೆ ಗುಳ್ಳೆ ಅಲ್ಲೇ ಒಡೆದು ಔಷಧ ಅಲ್ಲೇ ಇಳಿಯುತ್ತದೆ. ಉಳಿದ ಮೈಗೆ ಸಂಕಟ ಕಡಿಮೆ. ಇವರು ಪಕ್ಕದ ಹಾಸಿಗೆಯವರಿಗೂ ಪಾಠ ಮಾಡಿದರು: "ಬಸ್ಸು ಎಲ್ಲಾ ಊರು ದಾಟಿ ಹೋಗ್ತದ, ಆದ್ರ ಕಂಡಕ್ಟರ್ ಸೀಟಿ ಹೊಡದಲ್ಲೇ ಮಂದಿ ಇಳೀತಾರ. ಇದೂ ಹಂಗೇ ರೀ."

ಮೊದಲ ಸರದಿ ಆದ ಐದನೆಯ ದಿನ ಜೋಳದ ರೊಟ್ಟಿ ಕೇಳಿದರು. ಅರ್ಧ ತಿಂದರು. ಗುಣವಾಗುತ್ತಿತ್ತೆಂದು ಡಾಕ್ಟರು ಹೇಳಿರಲಿಲ್ಲ, ನಾನೂ ಹೇಳುತ್ತಿಲ್ಲ. ಆದರೆ ಆ ಅರ್ಧ ರೊಟ್ಟಿಗಾಗಿ ನಾನು ತಿಂಗಳುಗಟ್ಟಲೆ ಕಾದಿದ್ದೆ.

ವಾರ ಕಳೆದು ಎರಡನೆಯ ಸರದಿಗೆ ಹೋದರೆ ಯಂತ್ರಕ್ಕೆ ಬಿಳಿ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದ್ದರು. ಅಪರಾಧವೇನು? 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ' ಎಂಬ ಬೋರ್ಡು ಇರಲಿಲ್ಲ. ಗರ್ಭಿಣಿಯರ ರಿಜಿಸ್ಟರ್ ಇರಲಿಲ್ಲ. ಕ್ಯಾನ್ಸರ್ ವಾರ್ಡಿನಲ್ಲಿ ಗರ್ಭಿಣಿಯರು ಯಾಕಿಲ್ಲವೆಂದು ತನಿಖೆಯಾಗುವುದು ನ್ಯಾಯವೇ. ಅಂದೇ ಇವರು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ತಮಗೆ ಅರ್ಜಿ ಬರೆದರು. ಅದರ ಬೆನ್ನು ಹತ್ತಿ ನಾನು ಹನ್ನೊಂದು ಸಲ ಕಮಲಾಪುರದಿಂದ ಬಸ್ ಹತ್ತಿದೆ. ತಮ್ಮ ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟರು.

"ಗರ್ಭಿಣಿ ಹೆಸರಿಲ್ದೆ ಕಂಪ್ಯೂಟರ್ ಮುಂದ ಹೋಗಂಗಿಲ್ರೀ ಮೇಡಂ."

"ರೋಗಿ ನಮ್ಮ ಯಜಮಾನ್ರು ಅದಾರ್ರೀ. ಅರವತ್ತಮೂರು ವಯಸ್ಸು."

"ಹಂಗಾದ್ರ ಅವರ ಹೆಸರು ಗಂಡನ ಕಾಲಂದಾಗ ಹಾಕ್ತೀನ್ರೀ. ಮ್ಯಾಲಿನ ಕಾಲಂದಾಗ ನಿಮ್ದು ಹಾಕ್ಲೇನ್ರೀ?"

ಅರವತ್ತರ ನಾನು ಹೂಂ ಎಂದೆ. ಎಷ್ಟು ವಾರ ಎಂದು ಕಂಪ್ಯೂಟರ್ ಕೇಳಿತು. ಇವರು ಕಾಯುತ್ತಿದ್ದ ವಾರಗಳನ್ನು ಎಣಿಸಿ ಮೂರು ಎಂದೆ. ಅದೂ ನಡೆಯಲಿಲ್ಲ.

ಕಾಯ್ದೆಯನ್ನು ಶಪಿಸುತ್ತೇನೆಂದು ತಿಳಿಯಬೇಡಿ. ಇಪ್ಪತ್ತಾರು ವರ್ಷ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದವಳು ನಾನು. ಹಳ್ಳಿಯ ಹಾಜರಿ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರು ಕಡಿಮೆಯಾಗುವುದನ್ನು ಕಣ್ಣಾರೆ ಕಂಡಿದ್ದೇನೆ. ಬೋರ್ಡಿಲ್ಲದ ಸ್ಕ್ಯಾನಿಂಗ್ ಯಂತ್ರ ಕಂಡರೆ ಆಗ ಸುಮ್ಮನೆ ಬಂದವಳಲ್ಲ.

ಈಗಲೂ ಸುಮ್ಮನೆ ಬರಲಿಲ್ಲ. ದೂರುದಾರರ ಹೆಸರನ್ನು ತಮ್ಮ ಕಚೇರಿ ಗುಪ್ತವಾಗಿಡುತ್ತದೆ, ನಾನೇ ಹೇಳಿಬಿಡುತ್ತೇನೆ. ಮೊದಲ ಸರದಿಯ ದಿನ ಒಳಗೆ ಇವರಿಗೆ ಚಿಕಿತ್ಸೆ ನಡೆಯುತ್ತಿದ್ದಾಗ, ಹೊರಗೆ ಕುಳಿತು ಬರಿಗೋಡೆ ನೋಡಿ, ಹಳೆಯ ರೂಢಿಯಂತೆ ತಮಗೆ ನಾಲ್ಕು ಸಾಲು ಬರೆದು ಅಂಚೆಗೆ ಹಾಕಿದವಳು ನಾನು. ಒಂದು ಬೋರ್ಡು ಹಾಕಿಸುತ್ತಾರೆ ಎಂದುಕೊಂಡಿದ್ದೆ.

ಮೂವತ್ತೆರಡನೆಯ ದಿನ ಇವರ ಮುಂದೆ ಹೇಳಿಕೊಂಡೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನೀ ಬರ್ದಿದ್ದು ಬರೋಬ್ಬರಿ ಅದ. ನಾ ನೋಡಿದ್ರ ನಾನೂ ಬರೀತಿದ್ದೆ," ಎಂದು ನೀರು ಕೇಳಿದರು. ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ನನ್ನ ನಾಲ್ಕು ಸಾಲಿಗೆ ತಾವು ಏಳು ದಿನದಲ್ಲಿ ಓಡಿ ಬಂದಿರಿ. ಅವರ ಅರ್ಜಿಗೆ ಐವತ್ತಮೂರು ದಿನ ಹಿಡಿಯಿತು. ಮುದ್ರೆ ಒತ್ತುವ ಕೈಗಿರುವ ಚುರುಕು ತೆಗೆಯುವ ಕೈಗೂ ಇರಲಿ. ಒತ್ತುವ ಮೊದಲು, ಈ ಯಂತ್ರಕ್ಕಾಗಿ ಹೊರಗೆ ಯಾರಾದರೂ ಕಾಯುತ್ತಿದ್ದಾರೆಯೇ ಎಂದು ಒಮ್ಮೆ ಕೇಳಿ. ಗಡ್ಡೆಗೆ ಔಷಧ ಇಳಿಸುವ ಯಂತ್ರಕ್ಕೆ ಬೇರೆ ಫಾರ್ಮು ಮಾಡಿ, ಅದಕ್ಕೆ ಮೂರು ದಿನದ ಗಡುವು ಹಾಕಿ.

ಮೊನ್ನೆ ಅವರ ಕಾಗದಪತ್ರ ತರಲು ಆಸ್ಪತ್ರೆಗೆ ಹೋಗಿದ್ದೆ. ಆ ಗೋಡೆಗೆ ಬೋರ್ಡು ಹಾಕಿದ್ದಾರೆ. ಅಕ್ಷರ ದೊಡ್ಡವಾಗಿವೆ, ದೂರದಿಂದಲೂ ಓದಬಹುದು. ನಾನು ಕೇಳಿದ್ದು ಅಷ್ಟೇ ಆಗಿತ್ತು.

ಇಂತಿ,
ಹೆಸರು ಗುಪ್ತವಾಗಿಡಬೇಕಿಲ್ಲದ ತಮ್ಮ ದೂರುದಾರಳು,
ಶುಭದಾ, ಕಮಲಾಪುರ