ಅಯ್ಯನವರಿಗೇ ಪ್ರಾರ್ಥನೆ

ಅಯ್ಯನವರೇ,

ನಮ್ಮ ಚರ್ಚಿನಲ್ಲಿ ನಿಮ್ಮ ಜಾಗಕ್ಕೆ ಬಂದ ಹೊಸ ಸಭಾಪಾಲಕರು ಇಂದು ಮನೆಗೆ ಬಂದು ನನ್ನ ಮಂಡಿನೋವಿಗಾಗಿ ಪ್ರಾರ್ಥಿಸಿದರು. ಹೊರಟವರನ್ನು ತಡೆದು, "ನಿಮಗೋಸ್ಕರ ಯಾರು ಪ್ರಾರ್ಥನೆ ಮಾಡ್ತಾರೆ?" ಎಂದು ಕೇಳಿದೆ. "ಏನು ದೊಡ್ಡಮ್ಮ, ಪರೀಕ್ಷೆನಾ?" ಎಂದು ನಕ್ಕರು, ಆಮೇಲೆ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದು ಕೂತರು.

ನೀವೂ ಇದೇ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, "ನನಗೋಸ್ಕರಾನೂ ಒಂದು ಮಾತು ಬೇಡ್ಕೊಳ್ಳಿ ದೊಡ್ಡಮ್ಮ, ತುಂಬಾ ಸಾಕಾಗಿದೆ" ಎಂದಿದ್ದಿರಿ. "ಅಯ್ಯನವರಿಗೇ ಪ್ರಾರ್ಥನೆನಾ? ಚೆನ್ನಾಗಿದೆ! ಭಾನುವಾರ ಹೇಳೋ ಪ್ರಸಂಗ ಚಿಕ್ಕದು ಮಾಡಿ, ಸುಸ್ತು ತಾನಾಗೇ ಹೋಗುತ್ತೆ" ಎಂದು ನಾನು ಬಾಗಿಲು ಹಾಕಿಕೊಂಡೆ. ಮುಂದಿನ ತಿಂಗಳೇ ನೀವು ಸೇವೆ ಬಿಟ್ಟು, ಯಾರಿಗೂ ವಿಳಾಸ ಕೊಡದೆ ಹೊರಟುಹೋದಿರಿ.

ಇಂದು ಈ ಹೊಸಬರ ತಲೆಯ ಮೇಲೆ ಕೈಯಿಟ್ಟು ನಾನೇ ಪ್ರಾರ್ಥಿಸಿದೆ. ಬಾಯಿಗೆ ಬಂದದ್ದು ನಿಮ್ಮ ಹೆಸರು. ಅವರು ತಿದ್ದಲಿಲ್ಲ; "ಆಮೆನ್" ಎಂದರು.