ಉಡುವ ತೊಡುವ ಪಾಠ

ಎನ್.ಆರ್. ಕಾಲೋನಿ, ಬೆಂಗಳೂರು
೧೪ ಆಗಸ್ಟ್ ೨೦೦೮

ಚಿರಂಜೀವಿ ಆರಾಧನಾಳಿಗೆ ತಾತ ಗಂಗಾಧರಯ್ಯನ ಆಶೀರ್ವಾದಗಳು.

ಪರಮೇಶ್ವರನ ಕೃಪೆಯಿಂದ ದೇಹ ನಡೆಯುತ್ತಿದೆ. ಮೈಸೂರಿನ ಹಾಸ್ಟೆಲ್ಲಿನಿಂದ ನೀನು ಬರೆದ ಕಾಗದ ಸೋಮವಾರ ಕೈಸೇರಿತು. ಮೊಮ್ಮಗಳೂ ಇಂಗ್ಲಿಷ್ ಪಾಠ ಹೇಳುವಳೆಂಬುದು ನಿವೃತ್ತ ಮೇಷ್ಟರಿಗೆ ಸಂತೋಷದ ಸಂಗತಿಯೇ.

ಮೊದಲು ನೀನು ಕೇಳಿದ ವಿಷಯ. ‘ಪುಟ್ ಆನ್’ ಎಂಬುದು ಬಟ್ಟೆಯನ್ನು ಮೈಗೇರಿಸುವ ಆ ಕ್ಷಣದ ಕ್ರಿಯೆ. ‘ವೇರ್’ ಎಂಬುದು ಅದು ಮೈಮೇಲಿರುವ ಸ್ಥಿತಿ. ‘ಡ್ರೆಸ್’ ಎಂದಾಗ ಬಟ್ಟೆಯ ಹೆಸರು ಹೇಳಬೇಕಿಲ್ಲ. ನಾವು ಸೀರೆ ಉಡುತ್ತೇವೆ, ರವಿಕೆ ತೊಡುತ್ತೇವೆ, ಹೂ ಮುಡಿಯುತ್ತೇವೆ. ಇಂಗ್ಲಿಷಿನವರು ಇವೆಲ್ಲವನ್ನೂ, ಕನ್ನಡಕವನ್ನೂ ಸಹ, ‘ವೇರ್’ ಒಂದರಲ್ಲೇ ಮುಗಿಸುತ್ತಾರೆ. ನಿಯಮ ಹೇಳುವ ಮೊದಲು ಮಕ್ಕಳೆದುರು ಒಂದು ಸ್ವೆಟರನ್ನು ತೊಟ್ಟು ತೋರಿಸು.

ಇಷ್ಟಕ್ಕೇ ಕಾಗದ ಮುಗಿಸಬಹುದಿತ್ತು. ಆದರೆ ನೀನು ಕೊನೆಯಲ್ಲಿ ಬರೆದ ಸಾಲು ಮೂರು ದಿನಗಳಿಂದ ನನ್ನನ್ನು ಬಿಟ್ಟಿಲ್ಲ. ನೀನು ಇಂದಿಗೂ ಹಾಲು ಕುಡಿಯುವುದಿಲ್ಲವೆಂದು ಗೆಳತಿಯರು ನಗುವರಂತೆ. ಐದು ವರ್ಷದವಳಿದ್ದಾಗ ನೀನು ಹಾಲಿಗೆ ಹಟ ಮಾಡಿದ್ದರಿಂದಲೇ ನಿನ್ನ ತಾಯಿ ಸ್ಟವ್ ಹಚ್ಚಿದಳೆಂದು ಈ ಮನೆಯಲ್ಲಿ ಎಲ್ಲರೂ ಹೇಳಿಕೊಂಡು ಬಂದೆವು. ನೀನೂ ಹಾಗೆಯೇ ನಂಬಿ ಬೆಳೆದೆ.

ಅಂದು ನನ್ನ ತಾಯಿಯ ಶ್ರಾದ್ಧ. ಅಡಿಗೆಮನೆಯೆಲ್ಲ ಮಡಿ. ಮಡಿಯಲ್ಲಿಲ್ಲದ ನಿನ್ನ ತಾಯಿ ಹಿತ್ತಿಲ ಜಗಲಿಯಲ್ಲಿ ಸೀಮೆಎಣ್ಣೆ ಸ್ಟವ್ ಹಚ್ಚಿದ್ದಳು. ನೈಲಾನ್ ಸೀರೆ, ಸೆರಗು ಹೊತ್ತಿಕೊಂಡಿತು. ದೇವರಮನೆಯಲ್ಲಿದ್ದೆ, ಏನೂ ಕಾಣಲಿಲ್ಲವೆಂದು ನಾನು ಹೇಳಿದ್ದೇನಲ್ಲ, ಅದು ಸುಳ್ಳು. ನಾನು ಆಗತಾನೆ ಮಿಂದು, ನೀರು ತೊಟ್ಟಿಕ್ಕುವ ಮಡಿ ಪಂಚೆಯುಟ್ಟು, ಅವಳಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ಹೆಗಲ ಮೇಲೊಂದು ಒದ್ದೆ ಉತ್ತರೀಯವಿತ್ತು. ಅದನ್ನು ಅವಳ ಮೇಲೆ ಹೊದಿಸಿದ್ದರೆ ಸಾಕಿತ್ತು. ಅವಳು ನನ್ನ ಕಡೆಗೇ ಓಡಿಬಂದಳು. ಮೈಲಿಗೆಯಾದೀತೆಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಅವಳು ಅದನ್ನು ಕಂಡಳು. ಕಂಡು, ತಿರುಗಿ ಗೋಡೆಯ ಕಡೆಗೆ ಓಡಿದಳು. ಪಕ್ಕದ ಮನೆಯ ಶೀನಣ್ಣ ಕಾಂಪೌಂಡು ಹಾರಿಬಂದು ಗೋಣಿತಾಟು ಸುತ್ತುವಷ್ಟರಲ್ಲಿ ಹೊತ್ತು ಮೀರಿತ್ತು.

ವಿಚಾರಣೆಗೆ ಬಂದ ಹೆಡ್ ಕಾನ್‌ಸ್ಟೇಬಲ್ ದೊಡ್ಡಬೈರಪ್ಪ ಒಳ್ಳೆಯ ಮನುಷ್ಯ. “ನೀವೇ ಇಂಗ್ಲಿಷಲ್ಲಿ ಬರ್ಕೊಟ್ಬಿಡಿ ಮೇಷ್ಟ್ರೇ, ನಾವು ಬರೆದ್ರೆ ಸಾಹೇಬ್ರು ನಗ್ತಾರೆ” ಎಂದು ಕಾಗದ ಮುಂದಿಟ್ಟ. ಬರೆದುಕೊಟ್ಟೆ. ಅವಳು ಏನು ಉಟ್ಟಿದ್ದಳೆಂಬುದನ್ನು ಬಣ್ಣದ ಸಮೇತ ಬರೆದೆ. ನಾನು ಏನು ಉಟ್ಟಿದ್ದೆನೆಂಬುದನ್ನು ಬರೆಯಲಿಲ್ಲ. ಅದರಲ್ಲಿ ಒಂದು ವ್ಯಾಕರಣದೋಷವೂ ಇರಲಿಲ್ಲ.

ಮೂರನೆಯ ದಿನ ಆಸ್ಪತ್ರೆಯಲ್ಲಿ ಅವಳು ನನ್ನನ್ನು ಕೇಳಿದ್ದು ಒಂದೇ ಮಾತು: “ನನ್ನಿಂದ ಶ್ರಾದ್ಧ ನಿಂತೋಯ್ತಾ, ಮಾವ?” ಇಲ್ಲಮ್ಮ, ಸಾಂಗವಾಗಿ ನಡೆಯಿತು ಎಂದೆ. ನಡೆದಿರಲಿಲ್ಲ. ಅವಳಿಗಾಗಿ ನಾನಾಡಿದ ಸುಳ್ಳು ಅದೊಂದೇ, ಉಳಿದವೆಲ್ಲ ನನಗಾಗಿ. ಅಂದು ಸಂಜೆ ಅವಳು ತೀರಿಕೊಂಡಳು.

ಹದಿನಾರು ವರ್ಷಗಳಿಂದ ಮಡಿಯುಟ್ಟು ಜಪಕ್ಕೆ ಕೂರುತ್ತಿದ್ದೇನೆ. ಸಂಕಲ್ಪದಲ್ಲಿ ನನ್ನ ಹೆಸರು ಹೇಳುವಾಗ ನಾಲಗೆ ತಡವರಿಸುತ್ತದೆ. ನಿನ್ನ ತಂದೆ ಮಧುಸೂದನನಿಗೆ ಇದೊಂದೂ ತಿಳಿಯದು. ಈ ಕಾಗದವನ್ನು ಅವನಿಗೆ ತೋರಿಸುವುದು ಬಿಡುವುದು ನಿನಗೆ ಸೇರಿದ್ದು. ಕ್ಷಮೆ ಕೇಳುವ ಅರ್ಹತೆ ನನಗಿಲ್ಲವಾದ್ದರಿಂದ ಕೇಳುತ್ತಿಲ್ಲ.

ಇತಿ, ನಿನ್ನ ತಾತ,
ಗಂಗಾಧರಯ್ಯ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಶ್ರಾದ್ಧ ಮುಗಿಯುವವರೆಗೆ ನಾನು ಉಪವಾಸವಿರಬೇಕಿತ್ತು. ತಲೆಸಿಡಿತ ತಾಳಲಾರದೆ, ಯಾರಿಗೂ ತಿಳಿಯದಂತೆ ಒಂದು ಲೋಟ ಕಾಫಿ ಮಾಡಿಕೊಡೆಂದು ಅವಳನ್ನು ಕೇಳಿದವನು ನಾನು. ಸ್ಟವ್ ಹಚ್ಚಿದ್ದು ಅದಕ್ಕೆ. ನೀನು ಹಾಲು ಕೇಳಿರಲೇ ಇಲ್ಲ, ಮಗು. ಆ ಹೊತ್ತಿನಲ್ಲಿ ನೀನು ನಡುಮನೆಯಲ್ಲಿ ನಿದ್ರಿಸುತ್ತಿದ್ದೆ.